‘ಆದರೂ’ ತೆಗೆದು ಬರೆಯಿರಿ

ನಮಸ್ಕಾರ.

ನೀವು ಕಳಿಸಿದ ಮೂರೂ ವಿಮರ್ಶೆಗಳನ್ನು ಎರಡೆರಡು ಸಲ ಓದಿದೆ. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’, ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’, ಸ್ಟಾನಿಸ್ಲಾವ್ ಲೆಮ್‌ನ ‘ಸೋಲಾರಿಸ್’. ದೆವ್ವ, ಕೊಲೆ, ವಿಜ್ಞಾನದ ಕಾದಂಬರಿಗಳನ್ನು ಹುಚ್ಚು ಹಿಡಿದು ಓದುವವರಿಗೆಂದೇ ಒಂದು ಅಂಕಣ ಬರೆಯಬೇಕು ಅನ್ನುತ್ತೀರಿ. ಅಂಥ ಅಂಕಣ ನನಗೂ ಬೇಕು. ಆದರೆ ಈಗಿರುವ ಹಾಗೆ ಈ ಮೂರನ್ನೂ ಹಾಕಲಾರೆ. ಯಾಕೆಂದು ಬಿಚ್ಚಿ ಹೇಳುವುದು ನನ್ನ ಕೆಲಸ.

ಮೊದಲು ಕಣ್ಣಿಗೆ ಬಿದ್ದದ್ದು ‘ಆದರೂ’. ‘ಭಯಾನಕ ಕಾದಂಬರಿಯಾದರೂ ಭಾಷೆ ಚೆನ್ನಾಗಿದೆ.’ ‘ಪತ್ತೇದಾರಿಯಾದರೂ ಮನುಷ್ಯ ಸ್ವಭಾವದ ಒಳನೋಟವಿದೆ.’ ಮೂರು ಲೇಖನಗಳಲ್ಲಿ ಏಳು ಕಡೆ ಇದು ಬಂದಿದೆ. ಯಾರಿಗೆ ಹೆದರಿ ಬರೆದಿರಿ? ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಕೈ ಹಿಡಿದು ಪುಸ್ತಕದ ರುಚಿ ಹತ್ತಿಸಿಕೊಂಡವರು ನಮ್ಮಲ್ಲಿ ಎಷ್ಟೋ ಜನ. ಅವರಿಗಾಗಿ ಬರೆಯುವಾಗ ಈ ಸಂಕೋಚ ಬೇಡ. ಅವರು ಇಂಥವು ನೂರಾರು ಓದಿ ಮುಗಿಸಿದ್ದಾರೆ. ಈ ಜಾತಿಯ ಪುಸ್ತಕ ಓದಬಹುದೇ ಎಂದು ಅವರು ನಿಮ್ಮನ್ನು ಕೇಳುತ್ತಿಲ್ಲ. ಇದು ತನ್ನ ಜಾತಿಯಲ್ಲಿ ಎಂಥದ್ದು ಎಂದು ಕೇಳುತ್ತಿದ್ದಾರೆ.

ಎಡ್ಮಂಡ್ ವಿಲ್ಸನ್ ಎಂಬ ಅಮೆರಿಕದ ವಿಮರ್ಶಕ 1944ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ, ಜನ ಪತ್ತೇದಾರಿ ಕತೆಗಳನ್ನು ಯಾಕಾದರೂ ಓದುತ್ತಾರೋ ಎಂದು ಬರೆದ. ಓದುಗರ ಕಾಗದಗಳು ಬಂದು ಬಿದ್ದವು, ಅವರು ಹೇಳಿದ ಲೇಖಕರನ್ನೂ ಓದಿ ನೋಡಿದ, 1945ರ ಜನವರಿಯಲ್ಲಿ ಮತ್ತೆ ಬರೆದ: ರೋಜರ್ ಆಕ್ರಾಯ್ಡ್‌ನನ್ನು ಯಾರು ಕೊಂದರೆ ಯಾರಿಗೇನು? ಅವನ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಅವನಿಗೆ ಹಿಡಿಸಲಿಲ್ಲ, ಹಿಡಿಸಲಿಲ್ಲವೆಂದೇ ಬರೆದ. ನಿಮಗೆ ಹಿಡಿಸಿದೆ, ಹಾಗೆಂದು ಬರೆಯಲು ಹಿಂಜರಿಯುತ್ತಿದ್ದೀರಿ.

ಆಕ್ರಾಯ್ಡ್‌ನ ಹೆಸರು ಬಂತಲ್ಲ, ಅಲ್ಲಿಗೇ ಬರುತ್ತೇನೆ. ಎರಡನೇ ಪ್ಯಾರಾದಲ್ಲಿ ಕೊಲೆಗಾರ ಯಾರೆಂದು ಬರೆದುಬಿಟ್ಟಿದ್ದೀರಿ. ಪುಸ್ತಕ ಬಂದದ್ದು 1926ರಲ್ಲಿ, ಇಷ್ಟು ಹಳೆಯದು, ಎಲ್ಲರಿಗೂ ಗೊತ್ತು ಅನ್ನಬೇಡಿ. ಈ ವರ್ಷ ಪಿಯುಸಿಗೆ ಸೇರಿದ ಹುಡುಗಿಗೆ ಅದು ಹೊಸ ಪುಸ್ತಕ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬೀದಿಯ ಕೊನೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯೊಂದಿತ್ತು. ಮೂರು ದಿನ ಕಾದು ತಂದ ಪತ್ತೇದಾರಿಯ ಹನ್ನೆರಡನೇ ಪುಟದ ಅಂಚಿನಲ್ಲಿ ಯಾರೋ ನೀಲಿ ಪೆನ್ನಿನಲ್ಲಿ ‘ಕೊಂದವನು ಅಡುಗೆಯವನು’ ಎಂದು ಗೀಚಿದ್ದರು. ಆ ಸಂಜೆ ಅತ್ತುಬಿಟ್ಟಿದ್ದೆ. ನಿಮ್ಮ ಎರಡನೇ ಪ್ಯಾರಾ ಓದಿದಾಗ ಆ ನೀಲಿ ಅಕ್ಷರಗಳು ನೆನಪಾದವು.

ಗುಟ್ಟು ಬಿಡದೆ ಆ ಪುಸ್ತಕದ ಬಗ್ಗೆ ಬರೆಯುವುದಕ್ಕೆ ಬೇಕಾದಷ್ಟಿದೆ. ಅದು ಬಂದಾಗ ಕ್ರಿಸ್ಟಿ ಓದುಗರಿಗೆ ಮೋಸ ಮಾಡಿದಳೆಂದು ಕೆಲವರು ಸಿಟ್ಟಾದರು, ಎಲ್ಲರನ್ನೂ ಅನುಮಾನಿಸುವುದು ಓದುಗನ ಕೆಲಸವೆಂದು ಡೊರೊತಿ ಸೇಯರ್ಸ್ ಅವಳ ಪರ ನಿಂತಳು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ತಾನೂ ಪತ್ತೇದಾರಿ ಬರೆಯುತ್ತಿದ್ದವನು, ಇಂಥ ಕತೆಗಳಿಗೆ ಹತ್ತು ನಿಯಮ ಮಾಡಿದ. ದೆವ್ವ ಭೂತ ತಂದು ಗಂಟು ಬಿಡಿಸುವಂತಿಲ್ಲ, ಗುಪ್ತ ದಾರಿ ಒಂದಕ್ಕಿಂತ ಹೆಚ್ಚು ಇರುವಂತಿಲ್ಲ, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು. ಅಭಿಮಾನಿ ಓದುಗನ ಅಳತೆಗೋಲು ಈ ಕೊನೆಯದು. ಆಕ್ರಾಯ್ಡ್‌ನ ಕೋಣೆಯಲ್ಲಿ ಒಂದು ಕುರ್ಚಿ ಇದ್ದ ಜಾಗದಿಂದ ಸರಿದಿತ್ತು. ಕ್ರಿಸ್ಟಿಯ ಪತ್ತೇದಾರ ಪೊಯಿರೊ ಅದನ್ನು ಬಿಡದೆ ಹಿಡಿಯುತ್ತಾನೆ, ನಾವು ದಾಟಿ ಹೋಗುತ್ತೇವೆ. ಆ ಕುರ್ಚಿಯನ್ನು ತೋರಿಸಿ, ಲೇಖಕಿ ಎಲ್ಲವನ್ನೂ ಕಣ್ಣೆದುರೇ ಇಟ್ಟಿದ್ದಳೋ ಇಲ್ಲವೋ ಎಂಬ ನಿಮ್ಮ ತೀರ್ಪು ಕೊಡಿ. ಹೆಸರು ಬೇಕಿಲ್ಲ.

‘ಡ್ರಾಕುಲಾ’ ಲೇಖನ ಮೂರರಲ್ಲಿ ಉತ್ತಮ, ಅದರಲ್ಲೂ ಒಂದು ವಾಕ್ಯ. ‘ಹಡಗಿನ ಭಾಗ ಓದುತ್ತಿದ್ದಾಗ ಎದ್ದು ಹೋಗಿ ಕಿಟಕಿಯ ಚಿಲಕ ನೋಡಿ ಬಂದೆ.’ ಇದನ್ನು ಓದಿ ನಿಮಗೆ ಪತ್ರ ಬರೆಯಲೇಬೇಕೆಂದುಕೊಂಡೆ. ಮುಂದಿನ ಸಾಲಿನಲ್ಲೇ ‘ಇಂದಿನ ಓದುಗನಿಗೆ ಇವೆಲ್ಲ ಬಾಲಿಶ ಅನ್ನಿಸಬಹುದು’ ಎಂದು ಅದನ್ನು ಕೊಂದಿದ್ದೀರಿ. ನಿಮಗೆ ಅನ್ನಿಸಲಿಲ್ಲವಲ್ಲ! ಚಿಲಕದ ವಾಕ್ಯದಿಂದಲೇ ಶುರು ಮಾಡಿ, ಆ ಹೆದರಿಕೆ ಎಲ್ಲಿಂದ ಬಂತೆಂದು ಹುಡುಕಿ. 1897ರ ಈ ಕಾದಂಬರಿ ಪೂರ್ತಿ ಇರುವುದು ದಿನಚರಿ, ಕಾಗದ, ತಂತಿ, ಪತ್ರಿಕೆಯ ತುಣುಕುಗಳಲ್ಲಿ. ವಾರ್ನಾ ಬಂದರು ಬಿಟ್ಟ ಡಿಮೀಟರ್ ಹಡಗಿನಲ್ಲಿ ಒಬ್ಬೊಬ್ಬರಾಗಿ ನಾವಿಕರು ಕಾಣೆಯಾಗುತ್ತಾರೆ, ಕೊನೆಗೆ ಕಪ್ತಾನ ತನ್ನ ಕೈಗಳನ್ನು ಚುಕ್ಕಾಣಿಗೆ ಕಟ್ಟಿಕೊಳ್ಳುತ್ತಾನೆ. ಕೆಳಗಿರುವ ಮಣ್ಣಿನ ಪೆಟ್ಟಿಗೆಗಳಲ್ಲಿ ಏನಿದೆಯೆಂದು ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಕೂಗಿ ಹೇಳೋಣವೆಂದರೆ ಆಗದು. ಪತ್ತೇದಾರಿಯಲ್ಲಿ ಕಣ್ಣೆದುರಿಗಿದ್ದೂ ನಮಗೆ ಕಾಣದು, ಇಲ್ಲಿ ನಮಗೊಬ್ಬರಿಗೇ ಕಾಣುತ್ತದೆ. ಇಂಥದ್ದನ್ನು ಹೇಳಿದರೆ, ಹತ್ತು ಸಲ ಓದಿದವನೂ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾನೆ. ಈಗ ನೀವು ಕೊಟ್ಟಿರುವುದು ನಾಲ್ಕು ಪುಟ ಕಥಾಸಾರ. ಅದರಲ್ಲಿ ಮೂರೂವರೆ ಪುಟ ತೆಗೆಯಿರಿ.

‘ಸೋಲಾರಿಸ್’ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಲೆಮ್‌ನ ಭಾಷೆ ಒಣಕಲು ಎಂದು ಬರೆದಿದ್ದೀರಿ. ಲೆಮ್ ಬರೆದದ್ದು ಪೋಲಿಷ್‌ನಲ್ಲಿ, 1961ರಲ್ಲಿ. ನೀವು ನಾಯಕಿಯನ್ನು ‘ರೀಯಾ’ ಎಂದು ಕರೆದಿರುವುದರಿಂದ ನಿಮ್ಮ ಕೈಯಲ್ಲಿದ್ದ ಪುಸ್ತಕ ಯಾವುದೆಂದು ತಿಳಿಯಿತು. ಮೂಲದಲ್ಲಿ ಅವಳು ಹ್ಯಾರಿ. ಹೆಸರು ಬದಲಾದದ್ದು 1970ರ ಇಂಗ್ಲಿಷ್ ಅನುವಾದದಲ್ಲಿ, ಅದೂ ಪೋಲಿಷ್‌ನಿಂದ ನೇರವಾಗಿ ಆದದ್ದಲ್ಲ, ಫ್ರೆಂಚ್ ಅನುವಾದದಿಂದ ಮಾಡಿದ್ದು. ಲೆಮ್‌ಗೇ ಅದು ಸಮಾಧಾನ ಕೊಡಲಿಲ್ಲ. ಬಿಲ್ ಜಾನ್‌ಸ್ಟನ್ ಪೋಲಿಷ್‌ನಿಂದ ನೇರವಾಗಿ ಮಾಡಿದ ಇಂಗ್ಲಿಷ್ ಅನುವಾದ ಬಂದದ್ದು 2011ರಲ್ಲಿ. ಎರಡು ಭಾಷೆ ದಾಟಿ ಬಂದ ವಾಕ್ಯವನ್ನು ಹಿಡಿದು ಲೇಖಕನನ್ನು ಬಯ್ಯುವ ಮುನ್ನ ಯಾರ ಅನುವಾದವೆಂದು ನೋಡಬೇಕು, ಲೇಖನದ ತಲೆಯಲ್ಲಿ ಅನುವಾದಕರ ಹೆಸರು ಹಾಕಬೇಕು. ನಿಮ್ಮ ಮೂರರಲ್ಲಿ ಒಂದೇ ಅನುವಾದ, ಅದರಲ್ಲೇ ಹೆಸರಿಲ್ಲ.

ಸೋಲಾರಿಸ್ ಎಂಬ ಆ ಗ್ರಹದ ಸಮುದ್ರದ ಬಗ್ಗೆ ವಿಜ್ಞಾನಿಗಳು ಬರೆದಿಟ್ಟ ಪುಸ್ತಕಗಳ ಪುಟಗಟ್ಟಲೆ ವಿವರ ‘ಹಾರಿಸಿ ಓದಬಹುದು’ ಎಂಬ ನಿಮ್ಮ ಸಲಹೆಯನ್ನೂ ನಾನು ಒಪ್ಪುವುದಿಲ್ಲ. ತಲೆಮಾರುಗಳ ಕಾಲ ಅಷ್ಟೆಲ್ಲ ಜನ ಹೆಸರಿಟ್ಟು, ವಿಂಗಡಿಸಿ, ಜಗಳವಾಡಿ, ಆ ಸಮುದ್ರ ಏನೆಂದು ಕೊನೆಗೂ ಅರ್ಥ ಮಾಡಿಕೊಳ್ಳಲಾಗಲಿಲ್ಲ. ಹ್ಯಾರಿಯ ಎದುರು ನಾಯಕ ಕೆಲ್ವಿನ್ ಕಂಗಾಲಾಗಿ ನಿಂತಾಗ ಆ ಕಪಾಟುಗಳ ಭಾರವೂ ಅವನ ಬೆನ್ನ ಮೇಲಿರುತ್ತದೆ. ಬೇಸರವಾಯಿತೆಂದು ಬರೆಯಿರಿ, ಅದು ನಿಮ್ಮ ಹಕ್ಕು. ಹಾರಿಸಿ ಎಂದು ಓದುಗರಿಗೆ ಹೇಳಬೇಡಿ.

ಸದ್ಯಕ್ಕೆ ಆಕ್ರಾಯ್ಡ್ ಮತ್ತು ಸೋಲಾರಿಸ್ ಬದಿಗಿರಲಿ. ‘ಡ್ರಾಕುಲಾ’ವನ್ನು ಎಂಟುನೂರು ಪದಗಳಲ್ಲಿ ಮತ್ತೆ ಬರೆದು ಕಳಿಸಿ. ಕಪ್ತಾನನ ದಿನಚರಿಯನ್ನು ರಾತ್ರಿ ಇನ್ನೊಮ್ಮೆ ಓದಿ, ಯಾವ ತಾರೀಖಿನ ಯಾವ ಸಾಲಿಗೆ ನೀವು ಎದ್ದು ಕಿಟಕಿಯತ್ತ ಹೋದಿರೆಂದು ಗುರುತು ಹಾಕಿಕೊಳ್ಳಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ನಿಮಗಾಗಿ ಎರಡು ಪುಟ ಖಾಲಿ ಇಟ್ಟಿದ್ದೇನೆ, ಇಪ್ಪತ್ತನೇ ತಾರೀಖಿನೊಳಗೆ ಬರಲಿ.

ಪ್ರೀತಿಯಿಂದ,
ಸಂಪಾದಕ