ಹಸಿರಿನ ವಿಸ್ತೀರ್ಣವಷ್ಟೇ ಸಾಲದು, ಮಣ್ಣಿನ ಆಳವನ್ನೂ ನಿಯಮದಲ್ಲಿ ಬರೆಯಬೇಕು

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟ್‌ಗಳಿಗೆ ಅನ್ವಯಿಸುವ ಹಸಿರು ಜಾಗದ ನಿಯಮಗಳಲ್ಲಿ ಮೊದಲು ಯಾವುದನ್ನು ತಿದ್ದಬೇಕು ಎಂದು ಕೇಳಿದ್ದೀರಿ. ಉದ್ಯಾನ ವಿನ್ಯಾಸ ನನ್ನ ಕಸುಬು. ಹಸಿರನ್ನು ಬರೀ ಚದರ ಮೀಟರಿನಲ್ಲಿ ಅಳೆಯುವ ಪದ್ಧತಿ ಮೊದಲು ಹೋಗಬೇಕು ಎನ್ನುತ್ತೇನೆ.

ಮಂಜೂರಾತಿಗೆ ಹೋಗುವ ನಕ್ಷೆಯನ್ನು ನೋಡಿ. ಕಟ್ಟಡದ ಸುತ್ತ ಹಸಿರು ಬಣ್ಣ, ದುಂಡುದುಂಡಾದ ಮರಗಳು. ಅದೇ ಜಾಗವನ್ನು ಮೇಲಿನಿಂದ ಕೆಳಗೆ ಸೀಳಿ ತೋರಿಸುವ ಸೆಕ್ಷನ್ ನಕ್ಷೆಯನ್ನು ಬಿಡಿಸಿದರೆ ಕಾಣುವುದೇ ಬೇರೆ: ಹುಲ್ಲಿನಡಿ ಒಂದೂವರೆ ಅಡಿ ಮಣ್ಣು, ಅದರಡಿ ಕಾಂಕ್ರೀಟ್, ಅದರಡಿ ಕಾರುಗಳು. ಅಲ್ಲಿ ನೆಟ್ಟ ಹೊಂಗೆಯ ಬೇರು ಎಲ್ಲಿಗೆ ಇಳಿಯಬೇಕು? ಕೆಲವು ವರ್ಷ ಗಿಡ್ಡಗಾಗಿಯೇ ನಿಂತು, ಒಂದು ಜೋರು ಗಾಳಿಮಳೆಗೆ ಬುಡಸಮೇತ ವಾಲುತ್ತದೆ. ಕಟ್ಟಡದ ಸುತ್ತ ಬಿಡಬೇಕಾದ ತೆರೆದ ಜಾಗದಲ್ಲಾದರೂ (ಸೆಟ್‌ಬ್ಯಾಕ್) ನೆಡೋಣವೆಂದರೆ, ಎತ್ತರದ ಕಟ್ಟಡಗಳಲ್ಲಿ ಅದು ಅಗ್ನಿಶಾಮಕ ವಾಹನ ಓಡಾಡುವ ದಾರಿ. ಅದನ್ನು ಬಿಡಲೇಬೇಕು, ತಪ್ಪಲ್ಲ. ಆದರೆ ಖಾಲಿ ಜಾಗವನ್ನೆಲ್ಲ ಹಸಿರಿನ ಲೆಕ್ಕಕ್ಕೆ ಸೇರಿಸಬಾರದು.

ಮಣ್ಣನ್ನು ಆಮೇಲೆ ತುಂಬಿಸಿದರಾಯಿತು ಎಂಬುದು ನಡೆಯುವ ಮಾತಲ್ಲ. ನೀರು ಕುಡಿದ ಒಂದು ಘನ ಮೀಟರ್ ಮಣ್ಣು ಹೆಚ್ಚುಕಡಿಮೆ ಎರಡು ಟನ್ ತೂಗುತ್ತದೆ. ತೊಲೆ, ಕಂಬಗಳ ಲೆಕ್ಕದಲ್ಲಿ ಆ ಭಾರ ಮೊದಲೇ ಸೇರಿರಬೇಕು. ಕಟ್ಟಡ ಎದ್ದ ಮೇಲೆ ನಮ್ಮನ್ನು ಕರೆದರೆ ಕುಂಡ ಮತ್ತು ಹುಲ್ಲುಹಾಸು ಬಿಟ್ಟು ಬೇರೆ ದಾರಿ ಉಳಿದಿರುವುದಿಲ್ಲ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಬೇಕಾಯಿತು. ಇಂಥ ಊರಿನಲ್ಲಿ ಹುಲ್ಲುಹಾಸನ್ನೇ ಹಸಿರು ಎಂದು ಒಪ್ಪಿಕೊಳ್ಳುವುದು ನನಗೆ ಸಂಕಟದ ವಿಷಯ.

ಆದ್ದರಿಂದ ನಿವೇಶನದ ಒಂದು ಪಾಲು ಬೇಸ್‌ಮೆಂಟ್ ಇಲ್ಲದ ನೆಲವಾಗಿ, ಒಂದೇ ತುಂಡಾಗಿ ಉಳಿಯಬೇಕು. ಒಂದು ಎಕರೆಯಲ್ಲಿ ಶೇ 10 ಎಂದರೆ ಸುಮಾರು 400 ಚದರ ಮೀಟರ್. ನಮ್ಮ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಅಷ್ಟು ನೆಲದ ಮೇಲೆಯೇ ವರ್ಷಕ್ಕೆ ನಾಲ್ಕು ಲಕ್ಷ ಲೀಟರಿನಷ್ಟು ನೀರು ಬೀಳುತ್ತದೆ. ಚಾವಣಿಯ ನೀರನ್ನೂ ಅತ್ತ ತಿರುಗಿಸಿದರೆ ಇನ್ನೂ ಹೆಚ್ಚು.

ಸಿಂಗಪುರದಂತೆ ತಾರಸಿ, ಬಾಲ್ಕನಿಗಳ ಹಸಿರನ್ನೂ ಲೆಕ್ಕಕ್ಕೆ ಹಿಡಿಯಿರಿ ಎನ್ನುವವರಿದ್ದಾರೆ. ಅಲ್ಲಿ ವರ್ಷವಿಡೀ ಮಳೆ. ನಮಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಣಹವೆ. ಹೆಚ್ಚುವರಿಯಾಗಿ ಇರಲಿ, ನೆಲಕ್ಕೆ ಬದಲಿಯಾಗಿ ಬೇಡ.

ಹಳೆಯ ಮರಗಳ ಮಾತು. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ಆ ಅರ್ಜಿ ಸಾಮಾನ್ಯವಾಗಿ ಬರುವುದು ಕಟ್ಟಡದ ಗೆರೆ ಎಳೆದಾದ ಮೇಲೆ. ಮರಗಳನ್ನು ಮೊದಲು ಗುರುತಿಸಿ, ಆಮೇಲೆ ಗೆರೆ ಎಳೆಯುವಂತಾಗಬೇಕು. ತಪಾಸಣೆಯೂ ಓಸಿ, ಅಂದರೆ ವಾಸಕ್ಕೆ ಅನುಮತಿ ಪತ್ರ, ಕೊಡುವ ದಿನಕ್ಕೆ ಮುಗಿಯಬಾರದು. ಅಂದು ಸಸಿಗಳೆಲ್ಲ ನಳನಳಿಸುತ್ತಲೇ ಇರುತ್ತವೆ. ಅಧಿಕಾರಿಗಳು ಬಿಲ್ಡರ್‌ನ ಠೇವಣಿ ಇಟ್ಟುಕೊಂಡು, ಮೂರು ವರ್ಷದ ನಂತರ ಬಂದು ನೋಡಲಿ.

ನಗರ ಈಗಲೂ ನೆಚ್ಚಿಕೊಂಡಿರುವುದು 2007ರಲ್ಲಿ ಒಪ್ಪಿಗೆ ಪಡೆದ, 2015ರವರೆಗಿನ ಮಹಾಯೋಜನೆಯನ್ನು, ಅಂದರೆ ನಗರದ ಬೆಳವಣಿಗೆಗೆ ನಿಯಮ ಹಾಕುವ ಮಾಸ್ಟರ್ ಪ್ಲಾನನ್ನು. 2031ರ ಕರಡು ಬಂದು ವಾಪಸಾಯಿತು. ಮುಂದಿನ ಕರಡಿಗೆ ಆಕ್ಷೇಪಣೆ ಕರೆದಾಗ ಸೆಕ್ಷನ್ ನಕ್ಷೆಯಲ್ಲಿ ಮಣ್ಣಿನ ಆಳ ತೋರಿಸುವುದನ್ನು ಕಡ್ಡಾಯ ಮಾಡಿ ಎಂದು ಬರೆದು ಕೊಡಿ. ನಾನೂ ಕೊಡುತ್ತೇನೆ.