ಕೋಲಾರದಲ್ಲಿ ಇಷ್ಟೊಂದು ಚರ್ಚ್ ಇದ್ದರೂ ಕೆಲವು ಕ್ರೈಸ್ತರು ಮನೆಯಲ್ಲೇ ಸೇರಿ ಆರಾಧನೆ ಮಾಡುವುದು ಯಾಕೆ?

ಅವರ ನಂಬಿಕೆಯಲ್ಲಿ ಚರ್ಚ್, ಅಂದರೆ ಸಭೆ, ಕಟ್ಟಡವಲ್ಲ, ಸೇರಿದ ಜನ. ಅದಕ್ಕೇ ಮನೆಯ ಹಜಾರ ಸಾಕು. ಇದು ಹೊಸದೇನಲ್ಲ. ಗುಡಾರ ಮಾಡುತ್ತಿದ್ದ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿ ಸಭೆ ಸೇರುತ್ತಿದ್ದದ್ದು ಬೈಬಲ್‌ನಲ್ಲೇ ಇದೆ (ರೋಮಾಪುರದವರಿಗೆ ಬರೆದ ಪತ್ರ, 16ನೇ ಅಧ್ಯಾಯ).

ಗುಟ್ಟಿರುವುದು ಗಾತ್ರದಲ್ಲಿ. ಹತ್ತು ಹದಿನೈದು ಜನ ಚಾಪೆ ಮೇಲೆ ಸುತ್ತ ಕೂತಾಗ ಒಬ್ಬರೇ ಮಾತಾಡಿ ಉಳಿದವರು ಸುಮ್ನೆ ಕೇಳುವಂತೆ ಇರುವುದಿಲ್ಲ. ಒಬ್ಬರು ಹಾಡು ಶುರು ಮಾಡುತ್ತಾರೆ, ಇನ್ನೊಬ್ಬರು ಬೈಬಲ್ ವಾಕ್ಯ ಓದುತ್ತಾರೆ, ಮತ್ತೊಬ್ಬರು ಮಗುವಿನ ಜ್ವರಕ್ಕಾಗಿ ಪ್ರಾರ್ಥಿಸಿ ಎನ್ನುತ್ತಾರೆ. ಯಾರು ಬಂದಿಲ್ಲ ಅನ್ನುವುದು ತಕ್ಷಣ ಗೊತ್ತಾಗುತ್ತದೆ, ಅಲ್ವಾ? ನಮ್ಮ ಕಡೆ ಕನ್ನಡ, ತೆಲುಗು, ತಮಿಳು ಮೂರೂ ಓಡಾಡುತ್ತವೆ. ಇಷ್ಟು ಚಿಕ್ಕ ಕೂಟದಲ್ಲಿ ಅಜ್ಜಿಯೂ ತನ್ನ ಮಾತಿನಲ್ಲೇ ಪ್ರಾರ್ಥಿಸಬಹುದು. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು.

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ‘ಕರ್ತನ ಭೋಜನ’ ಎಷ್ಟೋ ಮನೆಗಳಲ್ಲಿ ನಿಜವಾದ ಊಟದ ಜೊತೆಗೇ ನಡೆಯುತ್ತದೆ. ಸಂಬಳದ ಪಾದ್ರಿ ಸಾಮಾನ್ಯವಾಗಿ ಇರುವುದಿಲ್ಲ, ಗುಂಪಿನ ಹಿರಿಯರೇ ನಡೆಸುತ್ತಾರೆ. ಕಟ್ಟಡದ ಖರ್ಚಿಲ್ಲದ ಕಾರಣ ಕಾಣಿಕೆಯ ಹಣ ಕಷ್ಟದಲ್ಲಿರುವವರಿಗೆ ಹೋಗಬಹುದು. ಜನ ಜಾಸ್ತಿಯಾದರೆ ಹಾಲ್ ಹುಡುಕುವುದಿಲ್ಲ, ಇನ್ನೊಂದು ಮನೆಯಲ್ಲಿ ಹೊಸ ಗುಂಪು ಶುರುವಾಗುತ್ತದೆ.