ನಮ್ಮ ಸಿಮೆಂಟ್ ಕಂಪನಿ ಇನ್ನೊಂದರ ಜೊತೆ ವಿಲೀನ ಆಗ್ತಿದೆ. ಸಿಸಿಐ (ವಿಲೀನಕ್ಕೆ ಒಪ್ಪಿಗೆ ಕೊಡುವ ಸ್ಪರ್ಧಾ ಆಯೋಗ) ತೀರ್ಮಾನ ಬರೋವರೆಗೆ ಡೀಲರ್ ಕಾಯಬೇಕಾ? ಸಣ್ಣವರನ್ನ ಕಾಯೋಕೇ ಅಲ್ವಾ ಅದು ಇರೋದು?

ಕಾಯಬೇಡಿ. ಶಿರಸಿಯಲ್ಲಿ ನಿಮ್ಮದೊಂದು ಡೀಲರ್‌ಶಿಪ್, ಎದುರಿನ ಅಂಗಡಿಯವರ ಕಂಪನಿ ನಿಮ್ಮ ಕಂಪನಿಯನ್ನೇ ಕೊಳ್ಳುತ್ತಿದೆ. ಕೆಲವು ವರ್ಷದ ಹಿಂದೆ ಕುಮಟಾದಲ್ಲಿ ನನ್ನ ಕಥೆಯೂ ಇದೇ ಆಗಿತ್ತು.

ಹೊನ್ನಾವರದ ತನಕ ನನ್ನ ಏರಿಯಾ. ವಿಲೀನದ ಸುದ್ದಿ ಬಂದಾಗ ಯಾರೋ ಹೇಳಿದರು: ಇಂಥದ್ದಕ್ಕೆಲ್ಲ ದೆಹಲಿಯ ಸ್ಪರ್ಧಾ ಆಯೋಗ, ಅಂದ್ರೆ ಸಿಸಿಐ, ಒಪ್ಪಬೇಕು, ಅವರು ಪೇಪರಿನಲ್ಲಿ ಪ್ರಕಟಣೆ ಕೊಡಿಸಿ ಜನರ ಆಕ್ಷೇಪಣೆ ಕೇಳ್ತಾರೆ ಅಂತ. ಸರಿ, ಡೀಲರುಗಳೆಲ್ಲ ಸೇರಿ ಪತ್ರ ಟೈಪ್ ಮಾಡಿಸಿದೆವು. ಸೀಲು ಹೊಡೆದು ಗಲ್ಲಾಪೆಟ್ಟಿಗೆಯಲ್ಲಿಟ್ಟು ದಿನಾ ಬೆಳಿಗ್ಗೆ ಪೇಪರ್ ತಿರುವಿ ಹಾಕುತ್ತಿದ್ದೆ. ಅದೇ ಹೊತ್ತಿಗೆ ಮೂರನೇ ಕಂಪನಿಯ ಆಫೀಸರ್ ಅಂಗಡಿಗೇ ಬಂದು, ಚಾ ಕುಡಿದು, ಈ ಭಾಗದ ಏಜೆನ್ಸಿ ತಗೊಳ್ಳಿ ಅಂದರು. "ಸಿಸಿಐ ತೀರ್ಮಾನ ಬರಲಿ, ನೋಡೋಣ" ಅಂದೆ. ಅದು ಅಂಕೋಲಾದವರ ಪಾಲಾಯಿತು.

ಪ್ರಕಟಣೆ ಬರಲೇ ಇಲ್ಲ. ಬರುವುದೂ ಇರಲಿಲ್ಲ! ನಾನು ಕಾನೂನನ್ನು ಅರ್ಧ ಓದಿದ್ದೆ. ಸಾರ್ವಜನಿಕ ಪ್ರಕಟಣೆ ಇರುವುದು ಎರಡನೇ ಹಂತದ ಆಳವಾದ ತನಿಖೆಯಲ್ಲಿ ಮಾತ್ರ. ಮೊದಲ ಹಂತದಲ್ಲಿ ಆಯೋಗ ಕಾಗದಪತ್ರ ನೋಡಿ, ಮೇಲ್ನೋಟಕ್ಕೆ ಸ್ಪರ್ಧೆಗೆ ತೊಂದರೆ ಇಲ್ಲ ಅನಿಸಿದರೆ ಅಲ್ಲೇ ಒಪ್ಪಿಗೆ ಕೊಡುತ್ತೆ. ಆಗ ಅದಕ್ಕೆ 30 ಕೆಲಸದ ದಿನ ಇತ್ತು, 2024ರ ಸೆಪ್ಟೆಂಬರ್‌ನಿಂದ ರಜೆ ಸೇರಿಸಿಯೇ 30 ದಿನ. ಹೆಚ್ಚಿನವು ಈ ಹಂತ ದಾಟುವುದೇ ಇಲ್ಲ. ನಮ್ಮದೂ ದಾಟಲಿಲ್ಲ. ಒಪ್ಪಿಗೆ ಸಿಕ್ಕಿದ್ದು ನನಗೆ ಗೊತ್ತಾಗಿದ್ದು ಸೇಲ್ಸ್ ಹುಡುಗ ಕಳಿಸಿದ ವಾಟ್ಸಾಪ್ ಫಾರ್ವರ್ಡಿನಿಂದ. ಆಮೇಲೆ ಊರಿಗೊಬ್ಬನೇ ಡೀಲರ್ ಅಂದರು, ನಾನು ಹೊರಗೆ. ಹಳೇ ಸ್ಕೀಮ್ ಕ್ಲೇಮುಗಳು, ಅಂದ್ರೆ ಕಂಪನಿ ನಮಗೆ ಕೊಡಬೇಕಿದ್ದ ರಿಯಾಯಿತಿ ಹಣ? "ನಮ್ಮ ಪುಸ್ತಕದಲ್ಲಿಲ್ಲ" ಅಂದರು. ಬಾಯಿಮಾತಲ್ಲಿ ಒಪ್ಪಿಕೊಂಡಿದ್ದ ನಮ್ಮ ಕಂಪನಿಯ ಆಫೀಸರ್‌ಗೆ ಅಷ್ಟರಲ್ಲಿ ಟ್ರಾನ್ಸ್‌ಫರ್.

ಇನ್ನೊಂದು ಮಾತು, ನಿಮಗೆ ಹಿಡಿಸಲಿಕ್ಕಿಲ್ಲ. ಆ ಪತ್ರ ಹೋಗಿದ್ದರೂ ಏನೂ ಆಗುತ್ತಿರಲಿಲ್ಲ. ಅದರ ತುಂಬ ನಮ್ಮ ಮಾರ್ಜಿನ್, ನಮ್ಮ ಗೋದಾಮು, ನಮ್ಮ ಸಾಲದ ಗೋಳೇ. "ಸಣ್ಣವರನ್ನ ಕಾಯೋಕೇ ಅಲ್ವಾ ಸಿಸಿಐ ಇರೋದು" ಅಂತ ನೀವೂ ಬರೆದಿದ್ದೀರಿ. ಅಲ್ಲ. ಅವರು ನೋಡುವುದು ಮಾರುಕಟ್ಟೆಯಲ್ಲಿ ಪೈಪೋಟಿ ಉಳಿಯುತ್ತಾ ಅಂತ. 2015ರಲ್ಲಿ ಹೋಲ್ಸಿಮ್-ಲಫಾರ್ಜ್ ಸಿಮೆಂಟ್ ಕಂಪನಿಗಳ ವಿಲೀನ ಬಂದಾಗ ಪೂರ್ವ ಭಾರತದಲ್ಲಿ ಇಬ್ಬರ ಪಾಲೂ ಸೇರಿ ಜಾಸ್ತಿ ಆಗುತ್ತೆ ಅಂತ ಜೊಜೊಬೇರಾ, ಸೊನಾಡಿಹ್ ಘಟಕ ಮಾರಿ ಅಂದರು. ಅವರ ಲೆಕ್ಕ ಆ ಮಟ್ಟದ್ದು. ದೇವಿಮನೆ ಘಟ್ಟ ಹತ್ತಿಸುವ ನಿಮ್ಮ ಲಾರಿ ಬಾಡಿಗೆ ಅದರಲ್ಲಿ ಕಾಣುವುದಿಲ್ಲ. 2011ರಿಂದ ಸಾವಿರಕ್ಕೂ ಹೆಚ್ಚು ಅರ್ಜಿ ನೋಡಿದ್ದಾರೆ, ಷರತ್ತು ಹಾಕಿದ್ದುಂಟು, ಆಗಲ್ಲ ಅಂತ ತಳ್ಳಿದ್ದು ನಾನಂತೂ ಕೇಳಿಲ್ಲ.

ನಿಮ್ಮ ವಿಲೀನ ಅಲ್ಲಿಗೆ ಹೋಗಿದೆಯಾ ಅಂತ ಮೊದಲು ನೋಡಿ. ವಹಿವಾಟು ಮಿತಿಯೊಳಗಿದ್ದರೆ ಹೋಗದೇ ಇರಲೂಬಹುದು, 2022ರಲ್ಲಿ ಸಿನಿಮಾ ಮಂದಿರಗಳ ಪಿವಿಆರ್-ಐನಾಕ್ಸ್ ವಿಲೀನ ಹಾಗೇ ತಪ್ಪಿಸಿಕೊಂಡಿತು. ಹೋಗಿದ್ದರೆ ಸಿಸಿಐ ವೆಬ್‌ಸೈಟಿನಲ್ಲಿ ಅರ್ಜಿಯ ಸಾರಾಂಶ ಸಿಗುತ್ತೆ. ಎರಡನೇ ಹಂತಕ್ಕೆ ಹೋದರೆ ಮಾತ್ರ ಪತ್ರ ಬರೆಯಿರಿ. ಆಕ್ಷೇಪಣೆಗೆ ಈಗ 10 ದಿನ ಅಷ್ಟೇ, ನಿಮ್ಮ ಕಮಿಷನ್ ಬಿಟ್ಟು ಮನೆ ಕಟ್ಟುವವನಿಗೆ ಚೀಲದ ರೇಟು ಏನಾಗುತ್ತೆ ಅಂತ ಬಿಲ್ ಸಮೇತ ಬರೆಯಿರಿ.

ಅಷ್ಟರೊಳಗೆ ಬಾಕಿ ಕ್ಲೇಮುಗಳ ಪಟ್ಟಿ ಮಾಡಿ, ಡಿಪಾಸಿಟ್ ಸೇರಿಸಿ ಬ್ಯಾಲೆನ್ಸ್ ಕನ್ಫರ್ಮೇಶನ್ (ನಿಮಗೆ ಎಷ್ಟು ಬಾಕಿ ಇದೆ ಅನ್ನೋ ದೃಢೀಕರಣ) ಅನ್ನು ಕಂಪನಿಯ ಲೆಟರ್‌ಹೆಡ್ಡಿನಲ್ಲೇ ತಗೊಳ್ಳಿ. ಮಳೆಗಾಲಕ್ಕೆ ಸ್ಟಾಕ್ ತುಂಬಿಸಿ ಅಂತಾರೆ, ತುಂಬಿಸಬೇಡಿ. ಬೇರೆ ಕಂಪನಿಯವರು ಚಾ ಕುಡಿಯೋಕೆ ಬಂದರೆ ಕೂರಿಸಿ ಮಾತಾಡಿ.